ಗಣಿಯೂರಿನಲ್ಲಿ ಒಂದು ವಲಸೆ ಮನೆತನದ ಮನೆಗಳು

ಮನೆ ಎಂದೊಡನೆ ಮನಸ್ಸಿಗೆ ಬರುವುದು ಗೋಡೆ, ಸೂರು, ಬಾಗಿಲು. ಆ ಗೋಡೆಗಳು ನಿಂತಿರುವ ನೆಲದ ನೆನಪು ಸಾಮಾನ್ಯವಾಗಿ ಬರುವುದಿಲ್ಲ. ಮನೆಯನ್ನು ಕೊಂಡವನು ಅದರ ಕೆಳಗಿನ ನೆಲವನ್ನೂ ಕೊಂಡನೆಂದೇ ಲೋಕದ ತಿಳಿವಳಿಕೆ. ಗಣಿಯೂರುಗಳಲ್ಲಿ ಈ ತಿಳಿವಳಿಕೆ ನಿಲ್ಲುವುದಿಲ್ಲ. ಅಲ್ಲಿ ನೆಲದ ಮೇಲ್ಮೈಗೆ ಒಬ್ಬ ಒಡೆಯ, ಅದರ ಆಳಕ್ಕೆ ಇನ್ನೊಬ್ಬ ಒಡೆಯ. ಮೇಲಿನವನಿಗೆ ವಾಸದ ಹಕ್ಕು, ಕೆಳಗಿನವನಿಗೆ ಅಗೆಯುವ ಹಕ್ಕು. ಈ ಎರಡು ಹಕ್ಕುಗಳಿಗೆ ಘರ್ಷಣೆಯಾದಾಗ ಸರಿಯಬೇಕಾದದ್ದು ಯಾವುದು, ಸರಿದವನಿಗೆ ಸಲ್ಲಬೇಕಾದದ್ದು ಏನು ಎಂಬುದು ಕಾನೂನಿನ ಪ್ರಶ್ನೆಯಾಗಿರುವಷ್ಟೇ ನೀತಿಯ ಪ್ರಶ್ನೆಯೂ ಹೌದು.

ಈ ಪ್ರಶ್ನೆಗೆ ಸ್ಪಷ್ಟವಾದ ನಿದರ್ಶನ ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರಭಾಗದಲ್ಲಿರುವ ಹಿಬ್ಬಿಂಗ್ ಎಂಬ ಊರು. ಕಬ್ಬಿಣದ ಅದಿರಿಗಾಗಿ ಹುಟ್ಟಿದ ಈ ಊರು ಅದೇ ಅದಿರಿಗಾಗಿ ತನ್ನ ಜಾಗವನ್ನು ಬಿಟ್ಟು ಎರಡು ಮೈಲಿ ದೂರಕ್ಕೆ ಸರಿಯಬೇಕಾಯಿತು. 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿಯನ್ನು ಪಡೆದ ಗೀತಕಾರ ಬಾಬ್ ಡೈಲನ್ ಬೆಳೆದದ್ದು ಇದೇ ಊರಿನಲ್ಲಿ. ಅವರ ಹುಟ್ಟುಹೆಸರು ರಾಬರ್ಟ್ ಜಿಮ್ಮರ್‌ಮನ್. ಅವರ ತಂದೆಯ ಕಡೆಯವರೂ ತಾಯಿಯ ಕಡೆಯವರೂ ರಷ್ಯನ್ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದ್ಯರು. ಆ ಮನೆತನದ ಮೂರು ನಾಲ್ಕು ತಲೆಮಾರುಗಳ ಮನೆ-ಅಂಗಡಿಗಳನ್ನು ಕ್ರಮವಾಗಿ ಗಮನಿಸಿದರೆ, ಗಣಿಯೂರಿನಲ್ಲಿ ಒಡೆತನವೆಂಬುದರ ನಿಜವಾದ ಅರ್ಥವೇನೆಂಬುದು ತಿಳಿಯುತ್ತದೆ.

ನೆಲದ ಪೂರ್ವಕಥೆ

ಹಿಬ್ಬಿಂಗ್ ಇರುವ ಬೆಟ್ಟಸಾಲಿಗೆ ಮೆಸಾಬಿ ಎಂದು ಹೆಸರು. ಇದು ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಮಾತಿನಿಂದ ಬಂದದ್ದು. 'ದೈತ್ಯ' ಎಂಬುದು ಅದರ ಅರ್ಥ. 1854ರ ಲಾ ಪಾಯಿಂಟ್ ಒಪ್ಪಂದದ ಮೂಲಕ ಒಜಿಬ್ವೆ ಜನರು ಸುಪೀರಿಯರ್ ಸರೋವರದ ವಾಯವ್ಯಕ್ಕಿರುವ ವಿಶಾಲವಾದ ಪ್ರದೇಶವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಮಾತ್ರ ಅವರು ಉಳಿಸಿಕೊಂಡರು. ವಾಸಕ್ಕೆ ಅವರಿಗೆ ದೊರೆತದ್ದು ಗೊತ್ತುಮಾಡಿದ ಕೆಲವು ಮೀಸಲು ಪ್ರದೇಶಗಳು. ಆ ನೆಲದ ಗರ್ಭದಲ್ಲಿ ಎಂತಹ ಸಂಪತ್ತು ಅಡಗಿದೆಯೆಂಬುದು ಒಪ್ಪಂದದ ಹೊತ್ತಿಗೆ ಪೂರ್ಣವಾಗಿ ಯಾರಿಗೂ ತಿಳಿದಿರಲಿಲ್ಲ. ಮುಂದೆ ಬಂದ ವಲಸಿಗರ ಮನೆಗಳ ಕಥೆಯನ್ನು ಹೇಳುವ ಮೊದಲು, ಆ ಮನೆಗಳು ಎದ್ದದ್ದು ಹಿಂದಿನವರು ತೆರವು ಮಾಡಿದ ನೆಲದ ಮೇಲೆ ಎಂಬುದನ್ನು ನೆನೆಯುವುದು ನ್ಯಾಯ.

1890ರ ನವೆಂಬರ್ ತಿಂಗಳಲ್ಲಿ ಮೆರಿಟ್ ಸಹೋದರರ ತಂಡಕ್ಕೆ ಮೆಸಾಬಿ ಸಾಲಿನ ಮೌಂಟನ್ ಐರನ್ ಎಂಬಲ್ಲಿ ಮೃದುವಾದ ಕೆಂಪು ಅದಿರು ದೊರೆಯಿತು. ಬಂಡೆಯನ್ನು ಒಡೆದು ಆಳದ ಸುರಂಗಗಳಿಂದ ತೆಗೆಯಬೇಕಾದ ಅದಿರು ಇದಾಗಿರಲಿಲ್ಲ. ಮೇಲಿನ ಮಣ್ಣನ್ನು ಸರಿಸಿದರೆ ಉಗಿಯಂತ್ರಗಳಿಂದ ಬಗೆದು ನೇರವಾಗಿ ರೈಲುಬಂಡಿಗೆ ತುಂಬಬಹುದಾಗಿತ್ತು. ಈ ಸೌಲಭ್ಯವೇ ಮುಂದೆ ಊರಿಗೆ ಕಂಟಕವಾಯಿತು. ಸುರಂಗದ ಗಣಿಯ ಮೇಲೆ ಊರು ನಿಲ್ಲಬಹುದು. ತೆರೆದ ಗಣಿಯ ಮೇಲೆ ನಿಲ್ಲಲಾರದು.

ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಫ್ರಾಂಕ್ ಹಿಬ್ಬಿಂಗ್ 1893ರಲ್ಲಿ ತಮ್ಮ ಹೆಸರಿನ ಊರನ್ನು ಕಟ್ಟಿದರು. ಹೀಗೆ ಊರಿನ ಸ್ಥಾಪಕರೂ ವಲಸಿಗರೇ. ಅದೇ ವರ್ಷದ ಹಣಕಾಸಿನ ಮುಗ್ಗಟ್ಟಿನ ಸುಳಿಯಲ್ಲಿ ಮೆರಿಟ್ ಸಹೋದರರ ಗಣಿಗಳು, ರೈಲುಮಾರ್ಗಗಳು ಜಾನ್ ರಾಕ್‌ಫೆಲ್ಲರ್ ಕೈಸೇರಿದವು. 1901ರಲ್ಲಿ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಾರ್ಪೊರೇಷನ್ ಎಂಬ ಬೃಹತ್ ಸಂಸ್ಥೆ ಹುಟ್ಟಿತು. ಅದರ ಅಂಗವಾದ ಆಲಿವರ್ ಐರನ್ ಮೈನಿಂಗ್ ಕಂಪನಿ ಮೆಸಾಬಿಯ ಅತಿದೊಡ್ಡ ಗಣಿ ಒಡೆಯನಾಯಿತು. ಅದಿರನ್ನು ಕಂಡುಹಿಡಿದವರಿಗೇ ಅದಿರು ದಕ್ಕಲಿಲ್ಲವೆಂದಮೇಲೆ, ಅದನ್ನು ಅಗೆದವರಿಗೆ ನೆಲ ದಕ್ಕೀತೆಂಬ ನಿರೀಕ್ಷೆಗೆ ಆಧಾರವೇ ಇರಲಿಲ್ಲ.

ಕಾರ್ಮಿಕರ ಮನೆಗಳು

ಗಣಿ ಕೆಲಸಕ್ಕೆ ಯೂರೋಪಿನ ಮೂಲೆಮೂಲೆಗಳಿಂದ ಜನ ಬಂದರು. ಫಿನ್ಲೆಂಡ್, ಇಟಲಿ, ಸ್ಲೊವೇನಿಯ, ಕ್ರೊಯೇಷಿಯ, ಮಾಂಟೆನೆಗ್ರೊ, ಸ್ವೀಡನ್, ಇಂಗ್ಲೆಂಡಿನ ಕಾರ್ನ್‌ವಾಲ್ — ಹೀಗೆ ಹತ್ತಾರು ನಾಡುಗಳ ಭಾಷೆಗಳು ಆ ಸಾಲಿನಲ್ಲಿ ಕೇಳಿಬರುತ್ತಿದ್ದವು. ಈ ಜನರಲ್ಲಿ ಬಹುಮಂದಿ ವಾಸಿಸುತ್ತಿದ್ದುದು 'ಲೊಕೇಶನ್' ಎಂದು ಕರೆಯಲ್ಪಡುತ್ತಿದ್ದ ಗಣಿಪಕ್ಕದ ವಸತಿಗಳಲ್ಲಿ. ಕೆಲವು ಕಡೆ ಕಂಪನಿಯೇ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಿತ್ತು. ಮತ್ತೆ ಕೆಲವು ಕಡೆ ನೆಲ ಕಂಪನಿಯದು, ಮನೆ ಕಾರ್ಮಿಕನದು. ಆತ ನೆಲಬಾಡಿಗೆಯನ್ನು ಕೊಟ್ಟು ತನ್ನ ಹಣದಿಂದ, ತನ್ನ ಕೈಯಿಂದ ಮರದ ಮನೆ ಕಟ್ಟಿಕೊಳ್ಳುತ್ತಿದ್ದ. ಅದರ ಕೆಳಗೆ ಅದಿರು ಬೇಕಾದ ದಿನ ಮನೆಯನ್ನು ಎತ್ತಿಕೊಂಡು ಹೋಗಬೇಕಾದದ್ದು ಅವನ ಪಾಲಿನ ಕರ್ತವ್ಯ. ಮರದ ಮನೆ ಸರಿಸಬಹುದಾದ ಮನೆ; ಆದ್ದರಿಂದ ಅಂತಹ ಮನೆಯೇ ಅಲ್ಲಿ ರೂಢಿಯಾಯಿತು.

ಇಂತಹ ಸಣ್ಣ ಮನೆಗಳಲ್ಲಿ ಒಂದು ಕುಟುಂಬವಷ್ಟೇ ಇರುತ್ತಿರಲಿಲ್ಲ. ಒಂಟಿಯಾಗಿ ಬಂದ ಗಂಡಸರು ದುಡ್ಡು ಕೊಟ್ಟು ಅಲ್ಲಿಯೇ ಉಂಡು ಮಲಗುತ್ತಿದ್ದರು. ಹಗಲುಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿಪಾಳಿಯವನು ಮಲಗುತ್ತಿದ್ದುದೂ ಉಂಟು. ಅವರೆಲ್ಲರ ಅಡುಗೆ, ಬಟ್ಟೆ ಒಗೆತ, ಬುತ್ತಿಯ ಭಾರ ಮನೆಯ ಹೆಂಗಸಿನ ಮೇಲೆ ಬೀಳುತ್ತಿತ್ತು. ಗಣಿಯ ಲೆಕ್ಕಪುಸ್ತಕದಲ್ಲಿ ಅವಳ ಹೆಸರಿಲ್ಲ. ಆದರೆ ಗಂಡನ ಕೂಲಿ ಸಾಲದಾದಾಗ ಮನೆಯನ್ನು ನಡೆಸಿದ್ದು ಅವಳ ದುಡಿಮೆ.

ಮನೆಯ ಈ ಅಭದ್ರತೆ ಕಾರ್ಮಿಕನನ್ನು ಹದ್ದಿನಲ್ಲಿಡುವ ಸಾಧನವೂ ಆಯಿತು. ಕೆಲಸ ಕೊಡುವವನೇ ನೆಲದ ಒಡೆಯನಾದಾಗ ಕೆಲಸ ಕಳೆದುಕೊಳ್ಳುವುದೆಂದರೆ ಸೂರು ಕಳೆದುಕೊಳ್ಳುವುದಕ್ಕೆ ಸಮೀಪ. 1907ರ ಮುಷ್ಕರ ವಿಫಲವಾದ ಬಳಿಕ ಅದರಲ್ಲಿ ಮುಂದಾಗಿದ್ದ ಫಿನ್ನಿಶ್ ಕಾರ್ಮಿಕರು ಕಪ್ಪುಪಟ್ಟಿಗೆ ಸೇರಿದರು. ಅವರಲ್ಲಿ ಅನೇಕರು ಕಾಡು ಕಡಿದ ಕಲ್ಲುನೆಲಕ್ಕೆ ಹೋಗಿ ಬೇಸಾಯದಿಂದ ಹೊಟ್ಟೆಹೊರೆಯಬೇಕಾಯಿತು. 1916ರಲ್ಲಿ ಮತ್ತೊಂದು ದೊಡ್ಡ ಮುಷ್ಕರ ನಡೆಯಿತು. ತೆಗೆದ ಅದಿರಿಗೆ ತಕ್ಕಂತೆ ಕೂಲಿ ಗೊತ್ತುಮಾಡುವ ಗುತ್ತಿಗೆ ಪದ್ಧತಿ, ಒಳ್ಳೆಯ ಜಾಗ ಕೊಡಲು ಮೇಲ್ವಿಚಾರಕರು ಕೇಳುತ್ತಿದ್ದ ಲಂಚ — ಇವು ಕಾರ್ಮಿಕರ ಮುಖ್ಯ ದೂರುಗಳು. ಅದೇ ವರ್ಷದ ಜುಲೈ 3ರಂದು ಬಿವಾಬಿಕ್ ಎಂಬ ಊರಿನಲ್ಲಿ, ಅಕ್ರಮ ಮದ್ಯ ಮಾರಾಟದ ಆರೋಪದ ಮೇಲೆ ಅಧಿಕಾರಿಗಳು ಮಾಂಟೆನೆಗ್ರೊ ಮೂಲದ ಕಾರ್ಮಿಕನೊಬ್ಬನ ಮನೆಗೆ ನುಗ್ಗಿದಾಗ ಘರ್ಷಣೆ ನಡೆದು, ಒಬ್ಬ ಅಧಿಕಾರಿಯೂ ಅಲ್ಲಿದ್ದ ತಂಪುಪಾನೀಯದ ವ್ಯಾಪಾರಿಯೊಬ್ಬನೂ ಪ್ರಾಣ ಕಳೆದುಕೊಂಡರು. ವಲಸಿಗನ ಹೊಸ್ತಿಲಿಗೆ ಅಂದು ಇದ್ದ ಬೆಲೆ ಎಷ್ಟೆಂಬುದಕ್ಕೆ ಈ ಘಟನೆಯೊಂದು ಅಳತೆಗೋಲು.

ವ್ಯಾಪಾರಕ್ಕೆ ಬಂದವರು

ಗಣಿಯೊಳಗೆ ಇಳಿಯದೆ ಗಣಿಯವರನ್ನು ನೆಚ್ಚಿ ಬದುಕಿದ ವಲಸಿಗರೂ ಇದ್ದರು. ಯೆಹೂದ್ಯ ಕುಟುಂಬಗಳು ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದವು. ಕೆಲವೇ ನೂರು ಜನರ ಸಣ್ಣ ಸಮುದಾಯ. ಬಟ್ಟೆ, ಪಾದರಕ್ಷೆ, ಪೀಠೋಪಕರಣ, ದಿನಸಿಗಳ ವ್ಯಾಪಾರ. ಪರಸ್ಥಳದಲ್ಲಿ ತಮ್ಮ ಪ್ರಾರ್ಥನೆ, ಆಹಾರನಿಯಮ, ಹಬ್ಬಗಳನ್ನು ಉಳಿಸಿಕೊಳ್ಳುವ ಪ್ರಯತ್ನ — ಇದು ಅವರ ಬದುಕಿನ ರೂಪ.

ಡೈಲನ್ ಅವರ ತಂದೆಯ ತಂದೆ ಜಿಗ್‌ಮನ್ ಜಿಮ್ಮರ್‌ಮನ್ ಕಪ್ಪುಸಮುದ್ರದ ತೀರದ ಒಡೆಸ್ಸ ನಗರದವರು. 1905ರಲ್ಲಿ ಆ ನಗರದಲ್ಲಿ ಯೆಹೂದ್ಯರ ಮೇಲೆ ನಡೆದ ಭೀಕರ ಹತ್ಯಾಕಾಂಡದಲ್ಲಿ ನೂರಾರು ಜನ ಸತ್ತರು. ಮನೆಗಳೂ ಅಂಗಡಿಗಳೂ ಲೂಟಿಯಾದವು. ಅದರ ಬಳಿಕ ಅವರು ಅಮೆರಿಕಕ್ಕೆ ಬಂದು, ಮೆಸಾಬಿಯ ಅದಿರು ಹಡಗು ಹತ್ತುವ ರೇವುಗಳಲ್ಲಿ ಒಂದಾದ ಡುಲೂತ್ ನಗರದಲ್ಲಿ ನೆಲೆಸಿದರು. ಮೊದಲು ತಲೆಹೊರೆ ವ್ಯಾಪಾರ, ಬಳಿಕ ಪಾದರಕ್ಷೆಯ ಮಾರಾಟ ಅವರ ಜೀವನೋಪಾಯವಾಯಿತು. ಮನೆ ಎಂಬುದು ಒಂದು ರಾತ್ರಿಯಲ್ಲಿ ಇಲ್ಲವಾಗಬಲ್ಲ ವಸ್ತು ಎಂಬ ಅನುಭವವನ್ನು ಹೊತ್ತು ಬಂದ ಕುಟುಂಬ ಅದು.

ತಾಯಿಯ ಕಡೆಯ ಎಡೆಲ್‌ಸ್ಟೀನ್ ಮನೆತನ ಲಿಥುವೇನಿಯದಿಂದ ಬಂದದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕಕ್ಕೆ ಬಂದ ಇವರು ಹಿಬ್ಬಿಂಗ್‌ನಲ್ಲಿ ವ್ಯಾಪಾರ ಹೂಡಿ, ಮುಂದೆ ಚಿತ್ರಮಂದಿರಗಳನ್ನು ನಡೆಸಿದರು. ಅವುಗಳಲ್ಲಿ ಒಂದಕ್ಕೆ ಮನೆತನದ ಹಿರಿಯಳ ಹೆಸರಾದ 'ಲಿಬ್ಬ' ಎಂಬುದನ್ನೇ ಇಟ್ಟರು. ಈ ಮನೆತನದ ಮಗಳು ಫ್ಲಾರೆನ್ಸ್ ಅವರನ್ನು ವಿವಾಹವಾದ ಬೆನ್ ಸ್ಟೋನ್ ಹಿಬ್ಬಿಂಗ್‌ಗೆ ಪಶ್ಚಿಮದ ಸ್ಟೀವನ್ಸನ್ ಲೊಕೇಶನ್ ಎಂಬ ಗಣಿವಸತಿಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದರು. ಅವರ ಮಗಳು ಬಿಯಾಟ್ರಿಸ್. ಆಕೆಯೇ ಡೈಲನ್ ಅವರ ತಾಯಿ.

ಗಣಿವಸತಿಯ ಅಂಗಡಿಯವನ ಬದುಕು ಕಾರ್ಮಿಕನ ಕೂಲಿಯೊಡನೆ ಏರಿಳಿಯುತ್ತಿತ್ತು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಅದಿರಿನ ಹಡಗುಗಳು ನಿಲ್ಲುತ್ತಿದ್ದವು. ಗಣಿಯ ಕೆಲಸವೂ ಕುಗ್ಗುತ್ತಿತ್ತು. ಅಂಗಡಿಯವನು ಉದ್ರಿ ಕೊಡಬೇಕು, ವಸಂತದವರೆಗೆ ಕಾಯಬೇಕು. ಮುಷ್ಕರ ನಡೆದರೆ ಕಾಯುವ ಕಾಲ ಇನ್ನೂ ದೀರ್ಘ. ಕಾರ್ಮಿಕನು ನೆಲವಿಲ್ಲದ ಮನೆಯಲ್ಲಿದ್ದರೆ ವ್ಯಾಪಾರಿ ಇದ್ದದ್ದು ಬರಬಹುದಾದ ಬಾಕಿಯ ಮೇಲೆ ಕಟ್ಟಿದ ಮನೆಯಲ್ಲಿ. ಇಬ್ಬರ ಅಭದ್ರತೆಯ ಮೂಲವೂ ಒಂದೇ ಆಗಿತ್ತು.

ಊರು ಸರಿದ ಬಗೆ

ಹಿಬ್ಬಿಂಗ್‌ನ ನಿವೇಶನಗಳನ್ನು ಮಾರಿದಾಗ ಅವುಗಳ ಕೆಳಗಿನ ಖನಿಜದ ಹಕ್ಕು ಖರೀದಿದಾರರಿಗೆ ಸೇರಿರಲಿಲ್ಲ. ಮೊದಮೊದಲು ಇದು ಕಾಗದದ ಮೇಲಿನ ಮಾತಾಗಿತ್ತು. ಸುತ್ತಲಿನ ಗಣಿಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡು ಊರನ್ನು ಮೂರು ದಿಕ್ಕುಗಳಿಂದ ಸುತ್ತುವರಿದಾಗ ಆ ಕಾಗದಕ್ಕೆ ಜೀವ ಬಂತು. ಸಿಡಿಮದ್ದಿನ ಹೊಡೆತಕ್ಕೆ ಗಾಜುಗಳು ಒಡೆದವು, ಕಲ್ಲುಗಳು ಸೂರಿನ ಮೇಲೆ ಬಿದ್ದವು. ಜನ ನ್ಯಾಯಾಲಯದ ಮೆಟ್ಟಿಲೇರಿದರು. ಆದರೂ ಕೊನೆಗೆ ಊರೇ ಜಾಗ ಬಿಡುವುದೆಂದು ನಿಶ್ಚಯವಾಯಿತು.

1919ರಿಂದ 1921ರವರೆಗಿನ ಅವಧಿಯಲ್ಲಿ ಸುಮಾರು ಇನ್ನೂರು ಕಟ್ಟಡಗಳನ್ನು ದಕ್ಷಿಣಕ್ಕೆ ಎರಡು ಮೈಲಿ ದೂರದ, ಅಲಿಸ್ ಎಂಬ ಬಡಾವಣೆಯ ಕಡೆಗೆ ಸಾಗಿಸಲಾಯಿತು. ಮನೆಯ ಅಡಿಪಾಯವನ್ನು ಬಿಡಿಸಿ, ಜಾಕಿಗಳಿಂದ ಮೇಲೆತ್ತಿ, ಕೆಳಗೆ ತೊಲೆಗಳನ್ನು ಕೊಟ್ಟು, ಮರದ ದಿಮ್ಮಿಗಳ ಮೇಲೆ ಉರುಳಿಸುತ್ತ ಕುದುರೆಗಳಿಂದಲೂ ಎಳೆಯುವ ಯಂತ್ರಗಳಿಂದಲೂ ಸಾಗಿಸಿದರು. ಹಿಂದೆ ಬಿಟ್ಟ ದಿಮ್ಮಿಯನ್ನು ತಂದು ಮತ್ತೆ ಮುಂದೆ ಹಾಕಬೇಕು. ಹೀಗೆ ಅಡಿ ಅಡಿಯಾಗಿ ಪಯಣ. ವಾಸದ ಮನೆಗಳಲ್ಲದೆ ಹೋಟೆಲುಗಳು, ಚರ್ಚು ಸಹ ಇದೇ ರೀತಿಯಲ್ಲಿ ಹೊರಟವು. ಸೆಲ್ಲರ್ಸ್ ಎಂಬ ಹೋಟೆಲು ದಾರಿಯಲ್ಲಿಯೇ ಉರುಳಿ ಪುಡಿಯಾಯಿತು. ಹಳೆಯ ಊರಿನಲ್ಲಿ ಉಳಿದ ಕಟ್ಟಡಗಳು ಮುಂದಿನ ದಶಕಗಳಲ್ಲಿ ಒಂದೊಂದಾಗಿ ತೆರವಾದವು. ಊರು ಸರಿಯತೊಡಗಿದಾಗ ಬಿಯಾಟ್ರಿಸ್ ನಾಲ್ಕು ವರ್ಷದ ಮಗು.

ಹಳೆಯ ಊರಿಗೂ ಅಲಿಸ್‌ಗೂ ನಡುವಿನ ಈ ದೂರದಿಂದ ಮತ್ತೊಂದು ಉದ್ಯಮ ಅದಾಗಲೇ ಹುಟ್ಟಿತ್ತು. ಸ್ವೀಡನ್ನಿನಿಂದ ಬಂದು ಗಣಿಯಲ್ಲಿ ದುಡಿದಿದ್ದ ಕಾರ್ಲ್ ವಿಕ್‌ಮನ್ 1914ರಲ್ಲಿ ಒಂದು ಮೋಟಾರುಗಾಡಿಯಲ್ಲಿ ಕಾರ್ಮಿಕರನ್ನು 15 ಸೆಂಟ್ ದರದಲ್ಲಿ ಅತ್ತಿಂದಿತ್ತ ಸಾಗಿಸತೊಡಗಿದರು. ಅಮೆರಿಕದ ಪ್ರಸಿದ್ಧ ಗ್ರೇಹೌಂಡ್ ಬಸ್ ಸಂಸ್ಥೆಯ ಮೂಲ ಇದೇ.

ಸ್ಥಳಾಂತರದ ವಿಷಯದಲ್ಲಿ ಹಿಬ್ಬಿಂಗ್‌ನ ಜನ ಬರಿಗೈಯಲ್ಲಿ ಹೊರಡಲಿಲ್ಲವೆಂಬುದು ಮುಖ್ಯವಾದ ಅಂಶ. ಇದಕ್ಕೆ ಕಾರಣ ಅವರ ಮತದ ಬಲ. 1913ರಲ್ಲಿ ಊರಿನ ಅಧ್ಯಕ್ಷರಾಗಿ ಆಯ್ಕೆಯಾದ ವಿಕ್ಟರ್ ಪವರ್ ಎಂಬ ವಕೀಲರು ಗಣಿಗಳ ಮೇಲೆ ಭಾರಿ ತೆರಿಗೆ ಹಾಕುವ ನೀತಿಯನ್ನು ಹಿಡಿದರು. ಅವರ ವಾದ ಸರಳವಾಗಿತ್ತು: ಅದಿರು ಒಮ್ಮೆ ಹೋದರೆ ಮತ್ತೆ ಬೆಳೆಯುವ ಬೆಳೆಯಲ್ಲ, ಅದು ನೆಲದಲ್ಲಿರುವಾಗಲೇ ಊರಿಗೆ ತನ್ನ ಪಾಲು ಸಲ್ಲಬೇಕು. ಕಂಪನಿಗಳು ನ್ಯಾಯಾಲಯದಲ್ಲಿಯೂ ಹೊರಗೂ ಅವರನ್ನು ವಿರೋಧಿಸಿದವು. ಆದರೂ ತೆರಿಗೆಯ ಹಣದಿಂದ ಬೀದಿಗಳು, ದೀಪಗಳು, ನೀರು, ಗ್ರಂಥಾಲಯ ಬಂದವು. ಸ್ಥಳಾಂತರದ ಬೆಲೆಯಾಗಿ ಹೊಸ ಊರಿಗೆ ಆಸ್ಪತ್ರೆ, ಆಂಡ್ರಾಯ್ ಎಂಬ ಹೋಟೆಲು ಮೊದಲಾದವು ದೊರೆತವು.

ಇವೆಲ್ಲಕ್ಕೂ ಮಿಗಿಲಾದದ್ದು ಶಾಲೆ. 1920ರ ದಶಕದ ಆರಂಭದಲ್ಲಿ ನಿರ್ಮಾಣವಾದ ಹಿಬ್ಬಿಂಗ್ ಪ್ರೌಢಶಾಲೆಗೆ ತಗುಲಿದ ವೆಚ್ಚ 40 ಲಕ್ಷ ಡಾಲರಿಗೆ ಸಮೀಪ. ಅದರ ಸಭಾಂಗಣದಲ್ಲಿ 1800 ಆಸನಗಳು; ಮೇಲೆ ಚೆಕೊಸ್ಲೊವಾಕಿಯದಿಂದ ತರಿಸಿದ ಗಾಜಿನ ದೀಪಗುಚ್ಛಗಳು. ಗಣಿಯ ಪಕ್ಕದ ಮರದ ಮನೆಯಿಂದ ಹೊರಟ ಕಾರ್ಮಿಕನ ಮಗು ಅರಮನೆಯಂತಹ ಕಟ್ಟಡದಲ್ಲಿ ಓದಿತು. ಈ ವೈಭವವನ್ನು ದುಂದುವೆಚ್ಚವೆಂದು ಟೀಕಿಸಿದವರಿದ್ದರು. ಆದರೆ ತಮ್ಮ ನೆಲ ತಮ್ಮದಲ್ಲವೆಂದು ಅರಿತ ಜನ, ಯಾರೂ ಕಿತ್ತುಕೊಂಡು ಹೋಗಲಾರದ ಒಂದು ಸಂಪತ್ತಿನಲ್ಲಿ ಹಣ ತೊಡಗಿಸಿದರೆಂದು ತಿಳಿಯುವುದೇ ಸರಿಯಾದೀತು.

ಏಳನೆಯ ಅವೆನ್ಯೂವಿನ ಮನೆ

ಬಿಯಾಟ್ರಿಸ್ ಸ್ಟೋನ್ 1934ರಲ್ಲಿ ಡುಲೂತ್‌ನ ಏಬ್ ಜಿಮ್ಮರ್‌ಮನ್ ಅವರನ್ನು ವಿವಾಹವಾದರು. ತೈಲ ಕಂಪನಿಯೊಂದರಲ್ಲಿ ಏಬ್ ಅವರಿಗೆ ಉದ್ಯೋಗ. 1941ರ ಮೇ 24ರಂದು ಅಲ್ಲಿಯೇ ಹಿರಿಯ ಮಗ ರಾಬರ್ಟ್ ಹುಟ್ಟಿದ. 1946ರಲ್ಲಿ ತಂದೆ ಪೋಲಿಯೊ ರೋಗಕ್ಕೆ ತುತ್ತಾದರು. ದೇಹಬಲ ಕುಂದಿ, ಸಂಸಾರದ ದಿಕ್ಕು ಬದಲಾಯಿತು. ಕುಟುಂಬ ಬಿಯಾಟ್ರಿಸ್ ಅವರ ತವರಾದ ಹಿಬ್ಬಿಂಗ್‌ಗೆ ಬಂದು ಮೊದಲು ಫ್ಲಾರೆನ್ಸ್ ಅಜ್ಜಿಯ ಆಶ್ರಯದಲ್ಲಿದ್ದಿತು. ಏಬ್ ತಮ್ಮ ಸಹೋದರರ ಜೊತೆಗೂಡಿ ವಿದ್ಯುತ್ ಸಲಕರಣೆ ಮತ್ತು ಗೃಹೋಪಕರಣಗಳ ಅಂಗಡಿ ನಡೆಸಿದರು. ಬಳಿಕ ಅವರು ಏಳನೆಯ ಅವೆನ್ಯೂವಿನ ಪೂರ್ವಭಾಗದಲ್ಲಿ ಗಾರೆಗೋಡೆಯ, ಎರಡಂತಸ್ತಿನ ಒಂದು ಮನೆಯನ್ನು ಕೊಂಡರು. ಶಾಲೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ.

ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಬಂದವರ ಮೂರನೆಯ ತಲೆಮಾರಿಗೆ ಹೀಗೆ ಸ್ವಂತ ಮನೆ, ಸ್ವಂತ ಅಂಗಡಿ, ಊರಿನಲ್ಲಿ ಮರ್ಯಾದೆ ಪ್ರಾಪ್ತವಾದವು. 1954ರಲ್ಲಿ ಯೆಹೂದ್ಯ ಸಂಪ್ರದಾಯದಂತೆ ರಾಬರ್ಟ್‌ಗೆ ಹದಿಮೂರನೆಯ ವಯಸ್ಸಿನ ಧಾರ್ಮಿಕ ಸಂಸ್ಕಾರ ನಡೆದಾಗ ಅತಿಥಿಗಳಿಗೆ ಔತಣ ಏರ್ಪಟ್ಟದ್ದು ಆಂಡ್ರಾಯ್ ಹೋಟೆಲಿನಲ್ಲಿ. ಊರನ್ನು ಎಬ್ಬಿಸಿದ ಕಂಪನಿ ಅದರ ಪರಿಹಾರರೂಪವಾಗಿ ಕಟ್ಟಿಸಿದ್ದ ಹೋಟೆಲಿನಲ್ಲಿ ವಲಸಿಗರ ಮೊಮ್ಮಗನ ಸಂಸ್ಕಾರದ ಊಟ ನಡೆಯಿತು.

ಆದರೆ ಈ ನೆಮ್ಮದಿಗೆ ಇನ್ನೊಂದು ಮಗ್ಗುಲೂ ಇತ್ತು. ಗೃಹೋಪಕರಣಗಳನ್ನು ಕಾರ್ಮಿಕರು ಕೊಳ್ಳುತ್ತಿದ್ದುದು ಕಂತಿನ ಮೇಲೆ. ಗಣಿ ನಿಂತರೆ ಕಂತೂ ನಿಲ್ಲುತ್ತಿತ್ತು. ಆಗ ಅಂಗಡಿಯವರು ಬಾಕಿ ಕೇಳಲು ಹೋಗಬೇಕು. ಕೊಡಲಾರದಿದ್ದರೆ ಮಾಲನ್ನು ಹಿಂದಕ್ಕೆ ತರಬೇಕು. ಏಬ್ ಜಿಮ್ಮರ್‌ಮನ್ ತಮ್ಮ ಮಗನನ್ನು ಬಡವರ ಕೇರಿಗಳಿಗೆ ವಸೂಲಿಗೆ ಕಳುಹಿಸುತ್ತಿದ್ದರು. ಅಲ್ಲಿ ಹಣ ಹುಟ್ಟದೆಂದು ತಮಗೆ ಗೊತ್ತಿತ್ತು, ಬದುಕಿನ ಆ ಮುಖವನ್ನು ಹುಡುಗ ನೋಡಲೆಂದೇ ಕಳುಹಿಸಿದೆ ಎಂಬರ್ಥದ ಮಾತನ್ನು ಅವರು ಮುಂದೆ ಮಗನ ಜೀವನಚರಿತ್ರಕಾರನ ಮುಂದೆ ಹೇಳಿದರು.

ಈ ಮಾತಿನಲ್ಲಿ ವಿಚಾರಿಸಬೇಕಾದ ಅಂಶವಿದೆ. ವ್ಯಾಪಾರಿ ಸಾಲ ಕೊಟ್ಟದ್ದು ನಿಜ, ಬಾಕಿ ನ್ಯಾಯವಾದದ್ದು. ಕಂತು ಕಟ್ಟದ ಕಾರ್ಮಿಕ ವಂಚಕನಲ್ಲ, ಅವನಿಗೆ ಕೆಲಸವಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಾಲನ್ನು ಹಿಂದಕ್ಕೆ ಪಡೆಯುವುದರಲ್ಲಿ ತಪ್ಪಿಲ್ಲ. ಆದರೂ ಕೆಲಸ ಕಳೆದುಕೊಂಡವನ ಮನೆಯ ಹೊಸ್ತಿಲಲ್ಲಿ ನಿಂತ ಹುಡುಗನಿಗೆ, ತನ್ನ ಮನೆಯ ಭದ್ರತೆಗೂ ಎದುರಿನ ಮನೆಯ ಅಭದ್ರತೆಗೂ ಸಂಬಂಧವಿದೆಯೆಂಬುದು ಕಾಣದಿರಲು ಸಾಧ್ಯವಿಲ್ಲ. ನಷ್ಟವಾಗುವುದೆಂದು ತಿಳಿದೂ ಮಗನಿಗೆ ಆ ನೋಟವನ್ನು ತೋರಿಸಿದ ತಂದೆ, ಲೆಕ್ಕಪುಸ್ತಕದಲ್ಲಿ ಬರೆಯಲಾಗದ ಶಿಕ್ಷಣವನ್ನು ಕೊಟ್ಟರು.

ಆ ಶಿಕ್ಷಣ ವ್ಯರ್ಥವಾಗಲಿಲ್ಲ. 1959ರಲ್ಲಿ ಹಿಬ್ಬಿಂಗ್ ಪ್ರೌಢಶಾಲೆಯ ವ್ಯಾಸಂಗ ಮುಗಿಸಿ ಊರು ಬಿಟ್ಟ ಯುವಕ, ಬಾಬ್ ಡೈಲನ್ ಎಂಬ ಹೆಸರಿನಲ್ಲಿ 1964ರಲ್ಲಿ ಹೊರತಂದ ಧ್ವನಿಮುದ್ರಿಕೆಯಲ್ಲಿ 'ನಾರ್ತ್ ಕಂಟ್ರಿ ಬ್ಲೂಸ್' ಎಂಬ ಹಾಡಿದೆ. ಅದು ಅಂಗಡಿಯವನ ಮಗನ ದನಿಯಲ್ಲಿಲ್ಲ. ಗಣಿ ಮುಚ್ಚಿ ಗಂಡನನ್ನೂ ಕಳೆದುಕೊಂಡ ಕಾರ್ಮಿಕನ ಹೆಂಡತಿಯ ದನಿಯಲ್ಲಿದೆ. ದಕ್ಷಿಣ ಅಮೆರಿಕದಲ್ಲಿ ಇನ್ನೂ ಅಗ್ಗದ ಕೂಲಿಗೆ ಅದಿರು ಸಿಗುವುದರಿಂದ ಇಲ್ಲಿಯ ಗಣಿ ಬೇಡವಾಯಿತೆಂಬುದು ಅವಳ ಅಳಲು. ಇದು ಕವಿಕಲ್ಪನೆ ಮಾತ್ರವಾಗಿರಲಿಲ್ಲ. ಎರಡು ಮಹಾಯುದ್ಧಗಳಿಗೆ ಬೇಕಾದ ಉಕ್ಕನ್ನು ಒದಗಿಸಿ ಮೆಸಾಬಿಯ ಉತ್ತಮ ಅದಿರು ಬರಿದಾಗುತ್ತಿತ್ತು. ಕಂಪನಿಗಳು ವೆನೆಜುವೆಲದಲ್ಲಿ ಹೊಸ ಗಣಿಗಳನ್ನು ತೆರೆದಿದ್ದವು.

1968ರಲ್ಲಿ ಏಬ್ ತೀರಿಕೊಂಡರು. ಅವರ ದೇಹವನ್ನು ಮಣ್ಣುಮಾಡಿದ್ದು ಡುಲೂತ್‌ನಲ್ಲಿ. ಹಿಬ್ಬಿಂಗ್‌ನ ಮನೆ ಮಾರಾಟವಾಯಿತು. ಬಿಯಾಟ್ರಿಸ್ ಊರು ಬಿಟ್ಟರು. 2000ದಲ್ಲಿ ತೀರಿಕೊಂಡ ಅವರಿಗೂ ಅಂತಿಮ ನೆಲೆ ದೊರೆತದ್ದು ಡುಲೂತ್‌ನಲ್ಲಿಯೇ. ಮನೆತನ ಕೊಂಡ ಮನೆ ಮನೆತನದ ಕೈಯಲ್ಲಿದ್ದದ್ದು ಎರಡು ದಶಕಗಳಷ್ಟೇ. ಇಂದು ಆ ಬೀದಿಗೆ ಮಗನ ಹೆಸರಿದೆ. ಅಲ್ಲಿ ಯಾತ್ರಿಕರು ನಿಂತು ನೋಡುತ್ತಾರೆ.

ಉಳಿದದ್ದು

ಹಲ್-ರಸ್ಟ್-ಮಹೋನಿಂಗ್ ಎಂದು ಕರೆಯಲ್ಪಡುವ ಹಿಬ್ಬಿಂಗ್‌ನ ಗಣಿ ಮೂರು ಮೈಲಿಗೂ ಮೀರಿದ ಉದ್ದ, 500 ಅಡಿಗೂ ಮೀರಿದ ಆಳದ ಕಂದರವಾಗಿದೆ. ಅದನ್ನು 1966ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಲಾಯಿತು. ಹಳೆಯ ಊರಿನ ಜಾಗದಲ್ಲಿ ಕೆಲವು ಬೀದಿಗಳ ಗುರುತು, ಎಲ್ಲಿಗೂ ಹೋಗದ ಕೆಲವು ಮೆಟ್ಟಿಲುಗಳು ಉಳಿದವು. 1970ರ ದಶಕದಿಂದ ಟ್ಯಾಕನೈಟ್ ಎಂಬ ಕಡಿಮೆ ದರ್ಜೆಯ ಗಟ್ಟಿ ಅದಿರನ್ನು ಪುಡಿಮಾಡಿ ಉಂಡೆಗಟ್ಟುವ ಉದ್ಯಮ ಅಲ್ಲಿ ಬೇರೂರಿತು.

ನೆಲದ ಎರಡು ಒಡೆತನಗಳ ಸಮಸ್ಯೆ ಇಂದಿಗೂ ಮುಗಿದಿಲ್ಲ. ಅದೇ ಮೆಸಾಬಿ ಸಾಲಿನ ವರ್ಜೀನಿಯ ಎಂಬ ಊರಿನ ಬಳಿ, ಗಣಿಗೆ ಜಾಗ ಬೇಕಾದಾಗ ಬಿಟ್ಟುಕೊಡಬೇಕೆಂಬ 1960ರ ಕರಾರಿನಂತೆ ಸರ್ಕಾರವೇ ಹೆದ್ದಾರಿಯನ್ನು ಬೇರೆ ಕಡೆಗೆ ತಿರುಗಿಸಬೇಕಾಯಿತು. ಅದಕ್ಕಾಗಿ ಹಳೆಯ ಗಣಿಯ ಮೇಲೆ 200 ಅಡಿಗೂ ಎತ್ತರದ ಸೇತುವೆಯನ್ನು ಕಟ್ಟಿ 2017ರಲ್ಲಿ ತೆರೆಯಲಾಯಿತು. ಸ್ವೀಡನ್ನಿನ ಕಿರುನಾ ಎಂಬ ಕಬ್ಬಿಣದ ಗಣಿಯೂರು ಕೂಡ ನೆಲ ಕುಸಿಯುವ ಭಯದಿಂದ ಸರಿಯುತ್ತಿದೆ. 1912ರಲ್ಲಿ ಕಟ್ಟಿದ ಅಲ್ಲಿಯ ಮರದ ಚರ್ಚನ್ನು 2025ರ ಆಗಸ್ಟ್ ತಿಂಗಳಲ್ಲಿ ಇಡಿಯಾಗಿ ಎತ್ತಿ ಐದು ಕಿಲೋಮೀಟರ್ ದೂರ ಸಾಗಿಸಲಾಯಿತು.

ಇಂತಹ ಸ್ಥಳಾಂತರಗಳ ನ್ಯಾಯವನ್ನು ಅಳೆಯಲು ಹಿಬ್ಬಿಂಗ್‌ನ ಚರಿತ್ರೆ ಒಂದು ಮಾನದಂಡವನ್ನು ಒದಗಿಸುತ್ತದೆ. ಒಂದೇ ನೆಲದಿಂದ ಒಂದೇ ಅದಿರಿಗಾಗಿ ಸರಿದವರಿಗೆ ಸಿಕ್ಕ ಪ್ರತಿಫಲ ಒಂದೇ ಬಗೆಯದಾಗಿರಲಿಲ್ಲ. ಊರಿನ ನಿವೇಶನದಾರನಿಗೆ ಮತವಿತ್ತು, ನ್ಯಾಯಾಲಯವಿತ್ತು, ತೆರಿಗೆ ಹಾಕಬಲ್ಲ ಪುರಸಭೆಯಿತ್ತು. ಅವನಿಗೆ ಹೊಸ ಊರು ಬಂತು. ನೆಲಬಾಡಿಗೆಯ ಮೇಲೆ ಮನೆ ಕಟ್ಟಿದ್ದ ಕಾರ್ಮಿಕನಿಗೆ ಕರಾರುಪತ್ರವೇ ವಿರುದ್ಧವಾಗಿತ್ತು. ಅವನು ತನ್ನ ಮನೆಯನ್ನು ತಾನೇ ಹೊತ್ತುಕೊಂಡು ಹೋದ. ಇವರಿಬ್ಬರಿಗೂ ಮೊದಲು ಆ ನೆಲದಲ್ಲಿದ್ದ ಒಜಿಬ್ವೆಯರ ಪಾಲಿಗೆ ಅದಿರಿನ ಸಂಪತ್ತಿನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ನ್ಯಾಯವು ನಷ್ಟದ ಪ್ರಮಾಣವನ್ನು ಅನುಸರಿಸದೆ ಕೇಳುವವನ ಬಲವನ್ನು ಅನುಸರಿಸಿದರೆ ಅದನ್ನು ಪೂರ್ಣ ನ್ಯಾಯವೆನ್ನಲಾಗದು.

ಒಡೆತನದ ಬಗೆಗೂ ಈ ಮನೆತನದ ಚರಿತ್ರೆ ಕಲಿಸುವುದಿದೆ. ಒಡೆಸ್ಸದ ಮನೆ ಹಿಂಸೆಯಿಂದ ಹೋಯಿತು. ಡುಲೂತ್‌ನ ಮನೆ ರೋಗದಿಂದ ಹೋಯಿತು. ಹಿಬ್ಬಿಂಗ್‌ನ ಮನೆ ಸಾವಿನಿಂದ ಹೋಯಿತು. ಗೋಡೆಗಳಲ್ಲಿ ಯಾವುದೂ ನಿಲ್ಲಲಿಲ್ಲ. ಆ ಕುಟುಂಬಕ್ಕೆ ನಿಜವಾಗಿ ಆಸರೆಯಾದದ್ದು ಅಜ್ಜಿಯೊಬ್ಬಳ ಬಾಗಿಲು, ಸಹೋದರರ ಸಹಕಾರ, ಅಪರಿಚಿತ ಗಣಿಕಾರರು ತೆತ್ತ ಕಂತಿನ ಹಣ, ಊರೆಲ್ಲ ಸೇರಿ ತೆರಿಗೆಯಿಂದ ಕಟ್ಟಿದ ಶಾಲೆ. ಇವುಗಳಲ್ಲಿ ಯಾವುದನ್ನೂ ಒಬ್ಬನೇ ಕೊಂಡು ಬೀಗ ಹಾಕಿಡಲು ಬರುವುದಿಲ್ಲ. ತನ್ನ ಮನೆಯ ಭದ್ರತೆಯನ್ನು ಬಯಸುವವನು ಎದುರು ಮನೆಯವನ ಭದ್ರತೆಗೂ ಹೊಣೆಗಾರನಾಗಬೇಕಾಗುತ್ತದೆ. ವಸೂಲಿಗೆಂದು ಬಡವರ ಕೇರಿಗೆ ಹೋದ ಬಾಲಕನಿಗೆ ದೊರೆತ ಪಾಠದ ಸಾರವೂ ಇದೇ.